ತಂತಿಯ ಹದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇಸಿಗೆ ಬಂತೋ ಇಲ್ಲವೋ ಎಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಿಲ್ಲ. ಮೋಟರ್ ರಿವೈಂಡಿಂಗ್ ಅಂಗಡಿಯ ಮುಂದೆ ಹೋಗಿ ನಿಂತರೆ ಸಾಕು. ಮಾರ್ಚ್ ನಡುವಿಗೆ ಅಲ್ಲಿ ಸುಟ್ಟ ಪಂಪುಗಳ ಸಾಲು ಬೆಳೆಯತೊಡಗುತ್ತದೆ. ಅಡಿಕೆ ತೋಟಕ್ಕೆ ನೀರು ಬೇಕಾಗುವ ಹೊತ್ತಿಗೇ ಹಳ್ಳ ಬತ್ತುತ್ತದೆ. ಎಲ್ಲರ ಮೋಟರೂ ಒಂದೇ ಹೊತ್ತಿಗೆ ಓಡುತ್ತವೆ, ವೋಲ್ಟೇಜು ಇಳಿಯುತ್ತದೆ, ಮೂರು ಫೇಸಿನಲ್ಲಿ ಒಂದು ಕೈಕೊಡುತ್ತದೆ. ಉಳಿದೆರಡರ ಮೇಲೆ ಎಳೆದೂ ಎಳೆದೂ ಮೋಟರು ಕಾದು, ಒಳಗಿನ ತಾಮ್ರದ ತಂತಿಗೆ ಬಳಿದ ತೆಳು ಎನಾಮೆಲ್ ಸುಟ್ಟು, ಕಪ್ಪಗೆ ಕರಕಲಾಗುತ್ತದೆ. ಆಮೇಲೆ ಅದು ಜೀಪಿನ ಹಿಂದೆ ಮಲಗಿ ಪೇಟೆಗೆ ಬರುತ್ತದೆ.

ಶಿರಸಿಯಲ್ಲಿ ನನ್ನ ಸೋದರಮಾವನ ಅಂಗಡಿ ಇರುವುದು ಅಂಥದ್ದೇ ಒಂದು ಸಾಲಿನಲ್ಲಿ. ಮೂವತ್ತು ವರ್ಷ ದಾಟಿದ ಅಂಗಡಿ. ಹತ್ತಡಿ ಅಗಲ, ಹದಿನೆಂಟಡಿ ಉದ್ದ. ವಾರ್ನಿಶ್ಶಿನ ವಾಸನೆ ಗೋಡೆಗೇ ಹತ್ತಿಬಿಟ್ಟಿದೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಸೌಲಭ್ಯ ಸಿಕ್ಕ ಮೇಲೆ ನಾನು ಬೆಂಗಳೂರು ಬಿಟ್ಟು ಸಿದ್ದಾಪುರದ ಹತ್ತಿರದ ನಮ್ಮ ಊರಿಗೆ ಬಂದೆ. ಶಿರಸಿಗೆ ಹೋದಾಗಲೆಲ್ಲ ಈ ಅಂಗಡಿಯ ಮರದ ಸ್ಟೂಲಿನ ಮೇಲೆ ಕೂರುವುದು ರೂಢಿಯಾಯಿತು. ಕೂತವನಿಗೆ ಮಾವ ಕೆಲಸ ಕೊಡದೆ ಬಿಡುವವನಲ್ಲ. ಮೊದಲು ಸುಟ್ಟ ತಂತಿ ಕಿತ್ತು ಎಣಿಸುವ ಕೆಲಸ, ಆಮೇಲೆ ಎಣಿಸಿದ್ದನ್ನು ಪುಸ್ತಕದಲ್ಲಿ ಬರೆಯುವ ಕೆಲಸ.

ಆ ಪುಸ್ತಕದ ಬಗ್ಗೆ ಸ್ವಲ್ಪ ಹೇಳಬೇಕು. ಯಾವುದೇ ರಿವೈಂಡಿಂಗ್ ಅಂಗಡಿಯ ನಿಜವಾದ ಬಂಡವಾಳ ಅದು. ಬಂದ ಪ್ರತಿ ಮೋಟರಿಗೂ ಒಂದು ಸಾಲು: ಎಷ್ಟು ಎಚ್‌ಪಿ, ಎಷ್ಟು ಸ್ಲಾಟು, ಪಿಚ್ಚು ಎಷ್ಟು, ಸ್ಲಾಟಿಗೆ ಎಷ್ಟು ಸುತ್ತು, ತಂತಿಯ ಗೇಜು ಯಾವುದು, ತಾಮ್ರ ಎಷ್ಟು ತೂಗಿತು. ಕೊನೆಯಲ್ಲಿ ‘ಸುತ್ತಿದವರು’ ಎಂದೊಂದು ಮನೆ. ಆರು ತಿಂಗಳಲ್ಲಿ ಅದೇ ಮೋಟರು ಮತ್ತೆ ಸುಟ್ಟು ಬಂದರೆ ಯಾರನ್ನು ಕೇಳಬೇಕು ಎಂದು ತಿಳಿಯಬೇಕಲ್ಲ! ಮಾವನ ಬಳಿ ಇಂಥ ಒಂಬತ್ತು ಪುಸ್ತಕಗಳಿವೆ. ಎಲ್ಲೋ ಹುಲೇಕಲ್ಲಿನ ಕಡೆಯ ಒಂದು ತೋಟದ ಮೋಟರಿನ ಹೊಟ್ಟೆಯಲ್ಲಿ ಏನಿದೆ ಎಂಬುದು ಅದರ ಯಜಮಾನನಿಗಿಂತ ಈ ಪುಸ್ತಕಕ್ಕೆ ಚೆನ್ನಾಗಿ ಗೊತ್ತು.

ಆದರೆ ಪುಸ್ತಕದಲ್ಲಿ ಇಲ್ಲದ ಒಂದು ಸಂಗತಿ ಇತ್ತು. ತಂತಿಯನ್ನು ಎಷ್ಟು ಬಿಗಿಯಾಗಿ ಸುತ್ತಬೇಕು ಎಂಬುದು.

ಕೇಳಿದರೆ ಮಾವ, “ಹದಾ ನೋಡ್ಕ್ಯಂಡು ಸುತ್ತವು” ಎನ್ನುತ್ತಿದ್ದ. ಸಡಿಲ ಬಿಟ್ಟರೆ ಸುತ್ತುಗಳು ಸ್ಲಾಟಿನೊಳಗೆ ನಡುಗುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುವಂಥದ್ದು, ತಂತಿ ನಡುಗುವುದು ಅದರ ದುಪ್ಪಟ್ಟು, ಸೆಕೆಂಡಿಗೆ 100 ಸಲ. ನಡುಗಿ ನಡುಗಿ ಒಂದಕ್ಕೊಂದು ಉಜ್ಜಿ ಎನಾಮೆಲ್ ಸವೆದು, ಪಕ್ಕದ ಸುತ್ತಿಗೆ ತಗುಲಿ, ಶಾರ್ಟ್. ಬಿಗಿ ಹೆಚ್ಚಾದರೆ ಎಳೆದ ತಂತಿ ಸಣ್ಣಗಾಗುತ್ತದೆ, ಮಡಚಿದಲ್ಲಿ ಎನಾಮೆಲ್ ಬಿರಿಯುತ್ತದೆ, ಕಾಯಿಲ್ ಗಟ್ಟಿಯಾಗಿ ಸ್ಲಾಟಿಗೆ ಇಳಿಯುವುದಿಲ್ಲ. ಇವೆರಡರ ನಡುವೆ ಒಂದು ಜಾಗ ಇದೆ. ಅದು ಎಲ್ಲಿದೆ ಎಂದು ಮಾವನ ಹೆಬ್ಬೆರಳಿಗೂ ತೋರುಬೆರಳಿಗೂ ಗೊತ್ತಿತ್ತು. ಬಾಯಿಗೆ ಗೊತ್ತಿರಲಿಲ್ಲ.

ಹದ ಎಂಬ ಶಬ್ದವನ್ನು ನಾವು ಎಲ್ಲದಕ್ಕೂ ಬಳಸುತ್ತೇವೆ. ಬೆಲ್ಲದ ಪಾಕಕ್ಕೆ ಹದ, ಗದ್ದೆಯ ಮಣ್ಣಿಗೆ ಹದ, ಮದ್ದಲೆಯ ಬಾರಿಗೆ ಹದ. ಅಡಿಕೆ ಕೊಯ್ಲಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕೊನೆಗೌಡ ಮರದ ತುದಿಯಲ್ಲಿ ಗೊನೆ ಕೊಯ್ದು ಹಗ್ಗಕ್ಕೆ ಸಿಕ್ಕಿಸಿ ಬಿಡುತ್ತಾನೆ, ಕೆಳಗೊಬ್ಬ ಆ ಹಗ್ಗದ ಕೊನೆ ಹಿಡಿದು ನಿಂತಿರುತ್ತಾನೆ. ಗೊನೆ ಹಗ್ಗದ ಮೇಲೆ ಜಾರಿ ಬರುತ್ತದೆ. ಸಡಿಲ ಬಿಟ್ಟರೆ ನಡುವಿನ ಗಿಡಕ್ಕೆ ಬಡಿದು ಅಡಿಕೆ ಉದುರುತ್ತದೆ. ಜಗ್ಗಿ ಹಿಡಿದರೆ ಬಾಣದಂತೆ ಬಂದು ಹಿಡಿದವನ ಎದೆಗೇ ಗುದ್ದುತ್ತದೆ. ಅವನಿಗೆ ಎಷ್ಟು ಕಿಲೋ ಜಗ್ಗುತ್ತೀ ಎಂದು ಕೇಳಿ ನೋಡಿ. ನಕ್ಕುಬಿಡುತ್ತಾನೆ.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ. ಮೊದಲು ಪಾದ ಜುಮುಗುಟ್ಟಿತು. ಆಮೇಲೆ ಚಪ್ಪಲಿ ಕಳಚಿದ್ದೂ ಗೊತ್ತಾಗದಂತಾಯಿತು. ಡಾಕ್ಟರು ಪರೀಕ್ಷೆ ಮಾಡಿದ ದಿನ ನಾನೂ ಜೊತೆಗಿದ್ದೆ. 128 ಹರ್ಟ್ಸಿನ ಶ್ರುತಿಕವೆಯನ್ನು ಬಡಿದು ಹೆಬ್ಬೆರಳಿನ ಎಲುಬಿಗೆ ಮುಟ್ಟಿಸಿ, “ನಡುಕ ಗೊತ್ತಾಗ್ತದೆಯಾ?” ಎಂದು ಕೇಳಿದರು. ಆಮೇಲೆ ಹಿಡಿಕೆಯ ತುದಿಯಲ್ಲಿ ನೈಲಾನ್ ಎಳೆಯೊಂದು ಚಾಚಿಕೊಂಡಿದ್ದ ಸಣ್ಣ ಸಾಧನವನ್ನು ಅಂಗಾಲಿನ ಬೇರೆ ಬೇರೆ ಕಡೆ ಒತ್ತಿದರು. ಮಾವ ಕಣ್ಣು ಮುಚ್ಚಿಕೊಂಡು ಹೌದು, ಇಲ್ಲ ಎನ್ನಬೇಕು. ಇಲ್ಲ ಎಂದದ್ದೇ ಹೆಚ್ಚು.

ಅಂಥ ಹೊತ್ತಿನಲ್ಲೂ ಅವನಿಗೆ ಕುತೂಹಲ. “ನೀವು ಎಲ್ಲಾ ಕಡೆ ಒಂದೇ ಸಮ ಒತ್ತುತ್ತಿದ್ದೀರಿ ಅಂತ ಹೇಗೆ ಗೊತ್ತು?” ಎಂದ. ಡಾಕ್ಟರು ಎಳೆಯನ್ನು ಮೇಜಿಗೆ ಒತ್ತಿ ತೋರಿಸಿದರು. ಅದು ಬಿಲ್ಲಿನಂತೆ ಬಾಗಿತು. “ಇದು 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಅದಕ್ಕಿಂತ ಹೆಚ್ಚು ಒತ್ತಲು ಹೋದರೆ ಇನ್ನಷ್ಟು ಬಾಗುತ್ತದೆ ಅಷ್ಟೆ. ಯಾರು ಒತ್ತಿದರೂ ಅಷ್ಟೇ.” ಮಾವ ಆ ಎಳೆಯನ್ನು ಬಹಳ ಹೊತ್ತು ನೋಡಿದ.

ಕಾಲಿನದು ಕೈಗೂ ಬಂತು. ಈ ಕಾಯಿಲೆ ಮೊದಲು ಕಾಲುಚೀಲದಂತೆ, ಆಮೇಲೆ ಕೈಗವಸಿನಂತೆ ಹತ್ತುತ್ತದೆ ಎಂದು ವೈದ್ಯರು ಹೇಳುವುದು ಬರೀ ಉಪಮೆಯಲ್ಲ. ನಿಜವಾಗಿಯೂ ಕೈಗವಸು ಹಾಕಿಕೊಂಡು ಕೆಲಸ ಮಾಡಿದಂತೆ ಎನ್ನುತ್ತಿದ್ದ ಮಾವ. ಪಂಪಿನ ಮೋಟರಿಗೆ ಇದರಿಂದ ತೊಂದರೆಯಾಗಲಿಲ್ಲ. ಆ ತಂತಿ ದಪ್ಪ, ಅಲ್ಲಿ ಕೈಯೊಂದೇ ಅಲ್ಲ, ಮೊಣಕೈ, ಹೆಗಲು ಎಲ್ಲ ಸೇರಿ ಜಗ್ಗುತ್ತವೆ. ಆದರೆ ಸೀಲಿಂಗ್ ಫ್ಯಾನಿನ ಸಣ್ಣ ತಂತಿ ಪದೇ ಪದೇ ಹರಿಯತೊಡಗಿತು. ಫ್ಯಾನು ಹಿಡಿದು ಬಂದವರಿಗೆ ಅವನು, “ಈಗ ಪಂಪಿನ ಸೀಸನ್ನು, ಪುರುಸೊತ್ತಿಲ್ಲ” ಎನ್ನತೊಡಗಿದ. ಮಳೆಗಾಲದಲ್ಲೂ ಅದನ್ನೇ ಹೇಳಿದ. ನಾವ್ಯಾರೂ ಆ ಬಗ್ಗೆ ಕೇಳಲಿಲ್ಲ.

ಇಂಥ ಒಂದು ಮಳೆಗಾಲದಲ್ಲಿ ಯಲ್ಲಾಪುರದಿಂದ ಆ ಹುಡುಗ ಬಂದ. ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದ ಸಿದ್ದಿ ಹುಡುಗ. ಕರವಸ್ತ್ರದಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿಟ್ಟ. ಬೆರಳುದ್ದದ ಕಪ್ಪು ಪಟ್ಟಿ, ಅದರಲ್ಲಿ ಸಾಲಾಗಿ ಆರು ಉಕ್ಕಿನ ಬಣ್ಣದ ಗುಂಡಿಗಳು, ನಡುವೆ ಕೂದಲಿನಂಥ ತಾಮ್ರದ ಸುರುಳಿ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್. ಹುಬ್ಬಳ್ಳಿಯಲ್ಲಿ ಕೊಂಡ ಹಳೆಯ ಗಿಟಾರಿನಲ್ಲಿ ಇಂಥವು ಮೂರಿವೆ, ನಡುವಿನದು ಸತ್ತಿದೆ. ಕಾಲೇಜಿನ ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿದೆ. ಅಜ್ಜ ಬಾರಿಸುವ ಡಮಾಮಿಯ ಜೊತೆ ತಾನು ಗಿಟಾರ್ ನುಡಿಸಬೇಕು. ಬೆಂಗಳೂರಿಗೆ ಕಳಿಸಲು ದುಡ್ಡಿಲ್ಲ. ಯಲ್ಲಾಪುರದ ರೇಡಿಯೋ ರಿಪೇರಿಯವರು, ಕಾಯಿಲ್ ಅಂದ ಮೇಲೆ ಶಿರಸಿಯಲ್ಲಿ ಕೇಳು ಎಂದಿದ್ದರಂತೆ.

ಮಾವ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಇದು ಹೆಂಗೆ ಕೆಲಸ ಮಾಡ್ತು?” ನಾನು ಹೇಳಿದೆ: ಆ ಆರು ಗುಂಡಿಗಳು ಆಯಸ್ಕಾಂತ. ಮೇಲಿರುವ ಉಕ್ಕಿನ ತಂತಿ ಮೀಟಿದಾಗ ಅಲುಗುತ್ತದೆ, ಅಲುಗಿದಾಗ ಆಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಆ ಅಲುಗಾಟಕ್ಕೆ ಸುತ್ತಲಿನ ಕಾಯಿಲಿನಲ್ಲಿ ಅಷ್ಟೇ ವೇಗದಲ್ಲಿ ಏರಿಳಿಯುವ ಪುಟ್ಟ ಕರೆಂಟು ಹುಟ್ಟುತ್ತದೆ. ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತಾರೆ. ಮಾವನ ಮುಖ ಅರಳಿತು. “ಅಂದ್ರೆ ನಮ್ಮ ಮೋಟರೇಯ. ತಿರುಗಾಮುರುಗಾ.” ಹೌದು. ಮೋಟರಿಗೆ ಕರೆಂಟು ಕೊಟ್ಟರೆ ಚಲನೆ, ಇದಕ್ಕೆ ಚಲನೆ ಕೊಟ್ಟರೆ ಕರೆಂಟು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಎನಾಮೆಲ್ ತಂತಿ ಇಲ್ಲದ ಆ ಕಾಲದಲ್ಲಿ ಆತ ಕಬ್ಬಿಣದ ಬಳೆಯೊಂದಕ್ಕೆ ತಂತಿ ಸುತ್ತಿ, ಒಂದು ಸುತ್ತು ಇನ್ನೊಂದಕ್ಕೆ ತಾಗದಂತೆ ನಡುವೆ ಹುರಿಯನ್ನೂ ಹತ್ತಿ ಬಟ್ಟೆಯನ್ನೂ ಸೇರಿಸಿದ್ದ.

“ಮೂರು ದಿನ ಬಿಟ್ಟು ಬಾ,” ಎಂದ ಮಾವ ಹುಡುಗನಿಗೆ. ಫ್ಯಾನನ್ನು ವಾಪಸ್ ಕಳಿಸುತ್ತಿದ್ದ ಮನುಷ್ಯ ಕೂದಲಿನಂಥ ತಂತಿಯ ಕೆಲಸ ಒಪ್ಪಿಕೊಂಡ. ಅದೇಕೆಂದು ನಾನು ಈಗಲೂ ಯೋಚಿಸುತ್ತೇನೆ. ಬಹುಶಃ ಅವನಿಗೂ ಒಂದು ಪರೀಕ್ಷೆ ಬೇಕಿತ್ತು, ಡಾಕ್ಟರು ಮಾಡದೆ ಉಳಿದಂಥದ್ದು.

ಮೊದಲ ಪ್ರಶ್ನೆ ತಂತಿಯದ್ದು. ಈ ಬಗೆಯ ಪಿಕಪ್ಪಿಗೆ 42 ಗೇಜಿನ ತಂತಿ ಎಂದು ನಾನು ಓದಿ ಹೇಳಿದೆ. ಮಾವ ಕೇಳಿದ್ದು ಎರಡೇ ಶಬ್ದ: “ಯಾರ ಗೇಜು?” ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಗೇಜು. ಅದರಲ್ಲಿ 42 ಎಂದರೆ 0.1 ಮಿಲಿಮೀಟರ್. ಗಿಟಾರಿನವರು ಹೇಳುವುದು ಅಮೆರಿಕದ ಗೇಜು. ಅಲ್ಲಿ 42 ಎಂದರೆ 0.063 ಮಿಲಿಮೀಟರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 46. ಅಂದರೆ ಮನುಷ್ಯರ ತಲೆಗೂದಲಿನಷ್ಟೇ ದಪ್ಪ. ಹುಬ್ಬಳ್ಳಿಯಿಂದ 46ನ್ನೇ ತರಿಸಿದೆವು.

ಗಿಟಾರಿನಲ್ಲಿ ಉಳಿದಿದ್ದ ಎರಡು ಪಿಕಪ್ಪುಗಳನ್ನು ಹುಡುಗ ಬಿಚ್ಚಿ ತಂದಿದ್ದ. ಮೀಟರ್ ಹಚ್ಚಿದರೆ ಎರಡೂ 6 ಕಿಲೋ ಓಮಿನ ಆಸುಪಾಸು. ಅದೇ ನಮ್ಮ ಗುರಿ. ಲೆಕ್ಕ ಹಾಕಿದರೆ ಸುಮಾರು 8000 ಸುತ್ತು. ಒಂದು ಸುತ್ತಿಗೆ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಹಿಡಿದರೂ ಒಂದು ಕಿಲೋಮೀಟರಿಗಿಂತ ಹೆಚ್ಚು ತಂತಿ. ಮಾರಿಕಾಂಬಾ ಗುಡಿಯ ಹತ್ತಿರ ಹಿಡಿದು ಎಳೆದರೆ ಪೇಟೆಯ ಆ ತುದಿಗೆ ಮುಟ್ಟುವಷ್ಟು ಉದ್ದ, ನಿಮ್ಮ ಹೆಬ್ಬೆರಳಿನಷ್ಟೇ ದೊಡ್ಡ ಜಾಗದಲ್ಲಿ ಕೂರಬೇಕು. ಈ ತಂತಿಗೆ 80 ಗ್ರಾಂ ಆಸುಪಾಸಿನ ಭಾರ ತೂಗುಹಾಕಿದರೆ ಹರಿದುಹೋಗುತ್ತದೆ. ಹರಿಯುವ ಬಹಳ ಮೊದಲೇ, 30 ಗ್ರಾಂ ದಾಟುವಾಗಲೇ, ಅದು ಹಿಗ್ಗತೊಡಗುತ್ತದೆ. ಹಿಗ್ಗಿದ ತಾಮ್ರ ಮತ್ತೆ ಕುಗ್ಗುವುದಿಲ್ಲ.

ಮೊದಲ ದಿನ ಮುನ್ನೂರು ಸುತ್ತಿಗೇ ತಂತಿ ಹರಿಯಿತು. ಮಾವ ಕಾರಣ ಕೂಡಲೇ ಹೇಳಿದ. ಮೋಟರಿನ ಕೆಲಸದಲ್ಲಿ ರೀಲನ್ನು ಸಲಾಕೆಗೆ ಸಿಕ್ಕಿಸಿ ತಿರುಗಲು ಬಿಡುತ್ತೇವೆ. ಇಷ್ಟು ಸಣ್ಣ ತಂತಿಗೆ ರೀಲನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಹೊರಟಾಗ ಒಂದು ಜಗ್ಗು, ನಿಂತಾಗ ಒಂದು ಜೋಲು. ರೀಲನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ತಂತಿ ಅದರ ತಲೆಯ ಮೇಲಿಂದ ಬಿಚ್ಚಿಕೊಂಡು ಬರುವ ಹಾಗೆ ಮಾಡಿದ. ರೀಲು ಅಲುಗುವುದೇ ಬೇಡ. ಹಾಗೆ ಮಾಡಿದ ಮೇಲೆ ಸಾವಿರದ ನೂರು ಸುತ್ತಿನ ತನಕ ಹೋಯಿತು. ಮತ್ತೆ ಹರಿಯಿತು.

ಎರಡನೆಯ ತೊಡಕು ಬಾಬಿನ್ನಿನ ಆಕಾರದ್ದು. ಅದು ಗುಂಡಗಿಲ್ಲ, ದೋಣಿಯ ಹಾಗೆ ಉದ್ದ. ಹಿಡಿಕೆಯನ್ನು ನಾನು ಎಷ್ಟೇ ಸಮವಾಗಿ ತಿರುಗಿಸಲಿ, ದೋಣಿಯ ತುದಿ ಬಂದಾಗ ತಂತಿಯನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಚಪ್ಪಟೆ ಬದಿ ಬಂದಾಗ ಸಡಿಲ ಬಿಡುತ್ತದೆ. ಒಂದು ಸುತ್ತಿಗೆ ಎರಡು ಜಗ್ಗು, ಎರಡು ಜೋಲು. 8000 ಸುತ್ತಿಗೆ ಹದಿನಾರು ಸಾವಿರ ಸಲ. ಆ ಏರಿಳಿತವನ್ನು ಬೆರಳು ಅನುಸರಿಸಬೇಕು, ಕೊಂಚ ಬಿಟ್ಟು ಕೊಂಚ ಹಿಡಿದು. ಅನುಸರಿಸಲು ಮೊದಲು ಬೆರಳಿಗೆ ಅದು ತಿಳಿಯಬೇಕು.

ನಾಲ್ಕನೆಯ ಸಲ ಹರಿದಾಗ ಮಾವ ತಂತಿಯ ತುದಿಯನ್ನು ಹುಡುಕಿದ. ಅದು ಅವನ ಎರಡು ಬೆರಳುಗಳ ನಡುವೆಯೇ ಇತ್ತು. ನಾನು ನೋಡುತ್ತಿದ್ದೆ. ಅವನು ನೆಲದಲ್ಲಿ ಹುಡುಕಿದ, ಮೇಜಿನ ಮೇಲೆ ಹುಡುಕಿದ, ಕಡೆಗೆ ಕೈ ಕಣ್ಣ ಮುಂದೆ ಬಂದಾಗ ಕಂಡ. “ಯಂಗೆ ಬೆರಳಿಗೆ ಗೊತ್ತಾಗ್ತೇ ಇಲ್ಲೆ ತಮಾ,” ಎಂದ. ಮೂರು ವರ್ಷದಿಂದ ಎಲ್ಲರಿಗೂ ತಿಳಿದಿದ್ದ ಸಂಗತಿ ಅಂಗಡಿಯೊಳಗೆ ಶಬ್ದವಾಗಿ ಬಂದದ್ದು ಅವತ್ತೇ ಮೊದಲು. ಸಹಾಯಕ ಹುಡುಗ ಏನೋ ತರಲು ಹೊರಗೆ ಹೋದ. ಹೊರಗೆ ಮಳೆ ಹಿಡಿದುಕೊಂಡಿತ್ತು.

ಮಾರನೆಯ ದಿನ ನಾನು ಹೋಗುವ ಹೊತ್ತಿಗೆ ಮಾವ ಒಂದು ವಾಟೆಯ ಕಡ್ಡಿಯನ್ನು ಹೆರೆಯುತ್ತಾ ಕೂತಿದ್ದ. ಒಂದಡಿ ಉದ್ದ, ಬುಡ ಪೆನ್ಸಿಲ್ಲಿನಷ್ಟು, ತುದಿ ಊದುಬತ್ತಿಗಿಂತ ಸಣ್ಣ. “ಆ ಡಾಕ್ಟರ ದಾರ ನೆನಪಿದ್ದಾ?” ಎಂದ. ನನಗೆ ಆಗ ಹೊಳೆಯಿತು. ಬೆರಳಿಗೆ ತಿಳಿಯದಿದ್ದರೆ ಬೇಡ, ಬಾಗುವ ವಸ್ತುವೊಂದು ಎಷ್ಟು ಬಾಗಿತು ಎಂದು ಕಣ್ಣು ನೋಡಬಹುದಲ್ಲ! ತಂತಿ ಕಡ್ಡಿಯ ತುದಿಯ ಮೂಲಕ ಹಾದು ಹೋಗಬೇಕು. ಜಗ್ಗಿದರೆ ಕಡ್ಡಿ ಬಾಗಿ ತಂತಿಯನ್ನು ಬಿಟ್ಟುಕೊಡುತ್ತದೆ, ಜೋಲಿದರೆ ನೆಟ್ಟಗಾಗಿ ಎತ್ತಿಕೊಳ್ಳುತ್ತದೆ. ಮೀನು ಹಿಡಿಯುವವರ ಗಾಳದ ಕೋಲಿನ ಹಾಗೆ. ದೋಣಿಯಾಕಾರದ ಬಾಬಿನ್ನಿನ ಹದಿನಾರು ಸಾವಿರ ಜಗ್ಗಾಟವನ್ನು ಆ ಕಡ್ಡಿಯೇ ನುಂಗಿಕೊಳ್ಳುತ್ತದೆ.

ತುದಿಗೆ ತೂತು ಮಾಡಿದರೆ ಬಿದಿರಿನ ಸಿಬಿರು ತಂತಿಯನ್ನು ಕೆರೆಯುತ್ತದೆ. ಅತ್ತೆಯ ಹೊಲಿಗೆ ಡಬ್ಬಿಯಿಂದ ಒಂದು ಗಾಜಿನ ಮಣಿ ತಂದು ಕಟ್ಟಿದೆವು. ಕಡ್ಡಿಗಿಂತ ಮೊದಲು ತಂತಿಗೆ ಕೊಂಚ ತಡೆ ಬೇಕು. ಹಾರ್ಮೋನಿಯಂ ರಿಪೇರಿ ಮಾಡುವವರಲ್ಲಿ ಕೇಳಿ ತಂದ ಫೆಲ್ಟಿನ ಎರಡು ತುಂಡು, ನಡುವೆ ತಂತಿ, ಮೇಲೆ ಬಾಲ್‌ಪೆನ್ನಿನ ಸ್ಪ್ರಿಂಗು, ಅದರ ಮೇಲೊಂದು ಸ್ಕ್ರೂ. ಸ್ಕ್ರೂ ತಿರುಗಿಸಿದಷ್ಟೂ ತಡೆ ಹೆಚ್ಚು.

ಎಷ್ಟು ತಡೆ? ಇಲ್ಲಿ ಮೊದಲ ಬಾರಿಗೆ ಅಂಕಿ ಬೇಕಾಯಿತು. ಐದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟರೆ 24 ಗ್ರಾಂ. ಅವನ್ನು ಸಣ್ಣ ಪೊಟ್ಟಣ ಮಾಡಿ ಮಣಿಯಿಂದ ಇಳಿಬಿಟ್ಟ ತಂತಿಗೆ ಕಟ್ಟಿದೆವು. ಕಡ್ಡಿ ಎಲ್ಲಿಯ ತನಕ ಬಾಗಿತೋ ಅಲ್ಲಿಗೆ ಹಿಂದಿನ ರಟ್ಟಿನ ಮೇಲೆ ಮಾವ ಕೆಂಪು ಗೆರೆ ಎಳೆದ. ಐದನೆಯ ನಾಣ್ಯ ಸೇರಿಸಿ ಇನ್ನೊಂದು ಗೆರೆ. “ಕಡ್ಡಿ ಈ ಎರಡು ಗೆರೆ ಮಧ್ಯ ಇರವು. ಅಷ್ಟೇಯ.”

ಆದರೂ ಒಂದು ಕೆಲಸ ಉಳಿಯಿತು. ಸುತ್ತುವಾಗ ತಂತಿಯನ್ನು ಬಾಬಿನ್ನಿನ ಅಗಲದುದ್ದಕ್ಕೂ ಆಚೆಯಿಂದ ಈಚೆಗೆ ನಡೆಸಬೇಕು. ಒಂದೇ ಕಡೆ ಗುಪ್ಪೆಯಾಗಬಾರದು. ನಾನು ಹಿಡಿಕೆ ತಿರುಗಿಸಬೇಕು, ಮಾವ ಕಡ್ಡಿ ನೋಡುತ್ತಾ ಸ್ಕ್ರೂ ಹೊಂದಿಸಬೇಕು. ಸಹಾಯಕ ಹುಡುಗನ ಬೆರಳು ಸ್ಟೇಟರಿನ ಅಂಚು ತಾಗಿ ತಾಗಿ ಅರದಂತಾಗಿದ್ದವು, ಎನಾಮೆಲ್ ಉಳಿಯುವುದಿಲ್ಲ. ಹಾಗೇ ಸುತ್ತಿ ನೋಡಿದ ಒಂದು ಕಾಯಿಲ್ ಹರಿಯದೆ ಪೂರ್ತಿಯಾಯಿತು, ಆದರೆ ಮೀಟರು 6.7 ತೋರಿಸಿತು. ಸುತ್ತು ಅಷ್ಟೇ, ತಂತಿಯೂ ಅದೇ, ಓಮು ಹೆಚ್ಚು. ಮಾವ ಕೂಡಲೇ ಹೇಳಿದ: “ತಂತಿ ಸಣ್ಣಾಯ್ದು.” ಬೆರಳು ಒತ್ತಿ ಹಿಡಿದದ್ದರಿಂದ ಉದ್ದಕ್ಕೂ ಹಿಗ್ಗಿ ತೆಳ್ಳಗಾಗಿತ್ತು. ಹರಿದ ತಂತಿ ಕಣ್ಣಿಗೆ ಕಾಣುತ್ತದೆ. ಹಿಗ್ಗಿದ್ದು ಕಾಣುವುದಿಲ್ಲ, ಮೀಟರಿಗೆ ಮಾತ್ರ ತಿಳಿಯುತ್ತದೆ.

ಅತ್ತೆ ಮಧ್ಯಾಹ್ನದ ಬುತ್ತಿ, ಥರ್ಮಾಸಿನಲ್ಲಿ ಕಷಾಯ ಹಿಡಿದು ಬಂದದ್ದು ಆಗ. ಮನೆ ಅಂಗಡಿಯಿಂದ ಹತ್ತು ನಿಮಿಷದ ದಾರಿ. ಮೂವತ್ತು ವರ್ಷದಿಂದ ಅವಳು ಅಂಗಡಿಯ ಬಾಗಿಲ ತನಕ ಬಂದು, ಬುತ್ತಿ ಕೊಟ್ಟು, ಅಲ್ಲಿಂದಲೇ ತಿರುಗುವವಳು. ಅವತ್ತು ಮಳೆ ಜೋರಿದ್ದುದರಿಂದ ಒಳಗೆ ಬಂದಳು. ಸ್ವಲ್ಪ ಹೊತ್ತು ನೋಡಿ, “ಹತ್ತಿ ಎಳೆ ಎಳ್ದಂಗೆ ಹಿಡಿದ್ರೆ ಆಗ್ತಿಲ್ಯಾ?” ಎಂದಳು.

ನಮ್ಮ ಮನೆಗಳಲ್ಲಿ ಹೂಬತ್ತಿ, ಗೆಜ್ಜೆವಸ್ತ್ರ ಮಾಡುವುದನ್ನು ನೋಡಿದವರಿಗೆ ಈ ಮಾತಿನ ಅರ್ಥ ತಿಳಿಯುತ್ತದೆ. ಬಿಡಿಸಿದ ಹತ್ತಿಯನ್ನು ಚಿವುಟಿ ಎಳೆದು ಹೊಸೆಯುವಾಗ ಬೆರಳು ಒತ್ತುವುದಿಲ್ಲ, ಬರೀ ಜೊತೆಗಿರುತ್ತದೆ. ಒತ್ತಿದರೆ ಎಳೆ ತುಂಡು, ಬಿಟ್ಟರೆ ಗಂಟು. ಅತ್ತೆ ಮದುವೆಯಾಗಿ ಬಂದಲ್ಲಿಂದ ದಿನಾ ಬೆಳಿಗ್ಗೆ ಮಾಡಿದ ಕೆಲಸ ಅದು. ಮಾವ ಅವಳನ್ನೂ ಸ್ಟೂಲನ್ನೂ ನೋಡಿದ. ಎಷ್ಟೋ ಹೊತ್ತಿನ ಮೇಲೆ, “ಕುಳ್ಳು,” ಎಂದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಕೂತಳು.

ಮುಕ್ಕಾಲು ತಾಸು ಯಾರೂ ಹೆಚ್ಚು ಮಾತಾಡಲಿಲ್ಲ. ಹಳೆಯ ಕ್ಯಾಲ್ಕುಲೇಟರಿನ ಸಮ ಚಿಹ್ನೆಯ ಗುಂಡಿಗೆ ಒಂದು ರೀಡ್ ಸ್ವಿಚ್ ಬೆಸುಗೆ ಹಾಕಿ, ಯಂತ್ರದ ಗಾಲಿಗೆ ಆಯಸ್ಕಾಂತ ಅಂಟಿಸಿ, ಒಂದು ಸುತ್ತಿಗೆ ಒಂದು ಕೂಡುವ ಹಾಗೆ ಮಾಡಿಟ್ಟಿದ್ದೆ. ಅಂಕಿ ಏರುತ್ತಿತ್ತು. ಅತ್ತೆಯ ಬೆರಳು ಹೋಗಿ ಬಂದು ಮಾಡುತ್ತಿತ್ತು, ವಾಟೆಯ ಕಡ್ಡಿ ಎರಡು ಗೆರೆಗಳ ನಡುವೆ ತಲೆದೂಗುತ್ತಿತ್ತು. ಮಾವ ಆ ಕಡ್ಡಿಯ ತುದಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಮ್ಮೆ ಮಾತ್ರ ನಾನು ಓದಿದ್ದನ್ನು ಹೇಳಿದೆ: ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫೆಂಡರ್ ಗಿಟಾರ್ ಕಾರ್ಖಾನೆಗೆ 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಎಂಬ ಹೆಂಗಸು 2013ರಲ್ಲಿ ನಿವೃತ್ತಳಾಗುವವರೆಗೂ ಇದೇ ಕೆಲಸ ಮಾಡಿದಳು. ತಂತಿಯನ್ನು ಬೆರಳಲ್ಲೇ ನಡೆಸಿ ಅವಳು ಸುತ್ತಿದ ಪಿಕಪ್ಪುಗಳನ್ನು ಗಿಟಾರಿನವರು ಹುಡುಕಿಕೊಂಡು ಹೋಗುತ್ತಾರೆ. ಅವಳ ಹೆಸರಿನ ಅಕ್ಷರ ಅದರ ಮೇಲಿದ್ದರೆ ಬೆಲೆಯೇ ಬೇರೆ. ಅತ್ತೆ ಕಣ್ಣೆತ್ತದೆ ಕೇಳಿದಳು: “ಅವ್ಳಿಗೆ ಮಧ್ಯಾಹ್ನ ಆಸರಿಗೆ ಯಾರು ಮಾಡಿಕೊಡ್ತಿದ್ವಡ?”

8000ಕ್ಕೆ ನಿಲ್ಲಿಸಿ ಮೀಟರ್ ಹಚ್ಚಿದೆವು. 6.1.

ಇನ್ನೂ ಒಂದು ಹೆಜ್ಜೆ ಇತ್ತು. ಎಷ್ಟೇ ಹದವಾಗಿ ಸುತ್ತಿದರೂ ಒಳಗೆ ಅಲ್ಲಲ್ಲಿ ಅಲುಗುವ ಸುತ್ತುಗಳಿರುತ್ತವೆ. ಸ್ಪೀಕರಿನ ಜೋರು ಸದ್ದಿಗೆ ಅವು ನಡುಗಿ, ಆ ನಡುಕವೇ ಮತ್ತೆ ಸದ್ದಾಗಿ, ಕೊನೆಗೆ ಕಿವಿ ಹರಿಯುವ ಸಿಳ್ಳೆ ಏಳುತ್ತದೆ. ಸ್ಕ್ರೂಡ್ರೈವರಿನಿಂದ ಪಿಕಪ್ಪನ್ನು ತಟ್ಟಿದರೆ ಸ್ಪೀಕರಿನಲ್ಲಿ ಟಕ್ ಎಂದು ಕೇಳುವುದೂ ಇದರಿಂದಲೇ. ಮೋಟರಿಗೆ ವಾರ್ನಿಶ್ ಕುಡಿಸುವ ಹಾಗೆ ಇದಕ್ಕೆ ಮೇಣ ಕುಡಿಸಬೇಕು. ನಮ್ಮ ಮನೆಯ ಜೇನುಪೆಟ್ಟಿಗೆಗಳ ತುಡುವೆ ಜೇನಿನ ಮೇಣ ಒಂದು ಪಾಲು, ಮೇಣದಬತ್ತಿಯ ಪ್ಯಾರಾಫಿನ್ ನಾಲ್ಕು ಪಾಲು. ಬೆಂಕಿಯ ಮೇಲೆ ನೇರ ಇಡದೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, 65 ಡಿಗ್ರಿ ದಾಟದಂತೆ ನೋಡಿಕೊಂಡು, ಪಿಕಪ್ಪನ್ನು ಮುಳುಗಿಸಿದೆವು. ಕಾಯಿಲಿನ ಒಳಗಿಂದ ಸಣ್ಣ ಸಣ್ಣ ಗುಳ್ಳೆಗಳು ಮೇಲೆ ಬಂದವು. ಇಪ್ಪತ್ತು ನಿಮಿಷದ ಮೇಲೆ ನಿಂತವು. ಅಂಗಡಿಯ ವಾರ್ನಿಶ್ ವಾಸನೆ ಒಂದು ಸಂಜೆಯ ಮಟ್ಟಿಗೆ ಸೋತಿತು.

ಹುಡುಗ ಬಂದು ಗಿಟಾರಿಗೆ ಜೋಡಿಸಿ, ಅಂಗಡಿಯಲ್ಲಿದ್ದ ಹಳೆಯ ಆಂಪ್ಲಿಫಯರಿಗೆ ಹಚ್ಚಿ ನುಡಿಸಿದ. ನನಗೆ ಗಿಟಾರಿನ ಒಳ್ಳೆಯ ದನಿ, ಕೆಟ್ಟ ದನಿ ಅಷ್ಟು ತಿಳಿಯುವುದಿಲ್ಲ. ಸಿಳ್ಳೆ ಬರಲಿಲ್ಲ. ತಟ್ಟಿದರೆ ಟಕ್ ಎನ್ನಲಿಲ್ಲ. ಹುಡುಗ ಕಣ್ಣು ಮುಚ್ಚಿ ಮೂರೂ ಪಿಕಪ್ಪುಗಳನ್ನು ಬದಲಿಸುತ್ತಾ ಕೇಳಿ, “ನಡುವಿನದೇ ಚೆನ್ನಾಗಿದೆ,” ಎಂದ. ಆಮೇಲೆ ವಾಟೆಯ ಕಡ್ಡಿಯನ್ನು ಕಂಡು ಏನೆಂದು ಕೇಳಿದ. ಮಾವ ತೋರಿಸಿ ವಿವರಿಸಿದ. ಹುಡುಗ ತಲೆಯಾಡಿಸಿದ: “ನಮ್ಮಜ್ಜ ಡಮಾಮಿಯನ್ನು ಬೆಂಕಿಗೆ ಹಿಡಿದು ಕಾಯಿಸ್ತಾರೆ. ಚರ್ಮ ಎಷ್ಟು ಬಿಗಿ ಆಗ್ಬೇಕು ಅಂತ ಕೇಳಿದ್ರೆ ಹೇಳಲ್ಲ. ನೀನೇ ತಟ್ಟಿ ನೋಡು ಅಂತಾರೆ.”

“ಅಜ್ಜ ಇದ್ದಾಗ್ಲೇ ಕೇಳಿ ಬರ್ದಿಟ್ಕ,” ಎಂದ ಮಾವ. ಕೈಯ ವಿದ್ಯೆಯ ಬಗ್ಗೆ ನಾವು ದೊಡ್ಡ ಮಾತು ಆಡುತ್ತೇವೆ. ಅದು ಪುಸ್ತಕಕ್ಕೆ ಸಿಗುವುದಿಲ್ಲ, ಯಂತ್ರಕ್ಕೆ ಬರುವುದಿಲ್ಲ ಎನ್ನುತ್ತೇವೆ. ಹಾಗೆ ಹೇಳಲು ಚೆಂದ. ಆದರೆ ಬೆರಳು ಎಷ್ಟು ಕಾಲ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ. ಮಾವ ತನ್ನ ಬೆರಳಲ್ಲಿದ್ದದ್ದು 24 ಗ್ರಾಂ ಎಂದು ಕಂಡುಕೊಂಡದ್ದು ಬೆರಳು ಹೋದ ಮೇಲೆ. ಹೋಗದಿದ್ದರೆ ಅವನಿಗೂ ತಿಳಿಯುತ್ತಿರಲಿಲ್ಲ, ನನಗೂ ಇಲ್ಲ. ಹಾಗೆಂದು 24 ಎಂಬ ಅಂಕಿಯೇ ಎಲ್ಲವನ್ನೂ ಮಾಡಿತು ಎನ್ನುವಂತೆಯೂ ಇಲ್ಲ. ಅಂಕಿ, ಗೆರೆ, ಕಡ್ಡಿ ಎಲ್ಲ ಇದ್ದೂ ಕಾಯಿಲ್ 6.7 ಬಂದಿತ್ತಲ್ಲ.

ಮುಂದಿನ ವಾರ ನಾನು ಪುಸ್ತಕ ಬರೆಯಲು ಕೂತಾಗ ನೋಡಿದೆ. ಆ ಸಾಲನ್ನು ಮಾವ ತಾನೇ ಬರೆದು ಮುಗಿಸಿದ್ದ. ಎಚ್‌ಪಿಯ ಮನೆಯಲ್ಲಿ ಅಡ್ಡಗೆರೆ, ಸ್ಲಾಟಿನ ಮನೆಯಲ್ಲಿ ಅಡ್ಡಗೆರೆ. ಸುತ್ತು 8000. ಗೇಜು 46, ಆವರಣದಲ್ಲಿ ‘ನಮ್ಮದು’. ಪುಟದ ಅಂಚಿನಲ್ಲಿ ಸ್ಕೇಲು ಇಟ್ಟು ಹೊಸದೊಂದು ಮನೆ ಎಳೆದು ತಲೆಯಲ್ಲಿ ‘ಬಿಗಿ’ ಎಂದು ಬರೆದಿದ್ದ, ಅದರ ಕೆಳಗೆ ‘4 ನಾಣ್ಯ’. ‘ಸುತ್ತಿದವರು’ ಎಂಬಲ್ಲಿ ಮೊದಲು ‘ಮನೆಯವಳು’ ಎಂದು ಬರೆದು, ಅದನ್ನು ಹೊಡೆದುಹಾಕಿ, ಅತ್ತೆಯ ಪೂರ್ತಿ ಹೆಸರನ್ನು ಬರೆದಿದ್ದ. ಆ ಪುಟ ತುಂಬುವ ಹೊತ್ತಿಗೆ ಅಂಗಡಿ ಮತ್ತೆ ಫ್ಯಾನುಗಳನ್ನು ತೆಗೆದುಕೊಳ್ಳತೊಡಗಿತ್ತು. ಕೆಳಗಿನ ಹನ್ನೊಂದು ಸಾಲುಗಳಲ್ಲಿ ಅದೇ ಹೆಸರಿದೆ. ಬಿಗಿಯ ಮನೆ ಯಾವುದರಲ್ಲೂ ಖಾಲಿ ಇಲ್ಲ.